ಹಕ್ಕಲು ಆಯ್ದವಳ ಕತೆ



ಮಾನವಿ ಕಡೆಯ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಹಕ್ಕಲು ಆಯುವ ಹೆಣ್ಣುಮಕ್ಕಳನ್ನು ನೋಡುತ್ತ ಬೆಳೆದವರು ನಾವು. ಸೆರಗಿನಲ್ಲಿ ನಾಲ್ಕು ತೆನೆ, ಬೆನ್ನ ಮೇಲೆ ರಣಬಿಸಿಲು. ಆ ಬಾಗಿದ ಬೆನ್ನು ಕಂಡಾಗಲೆಲ್ಲ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. 12ನೆಯ ಶತಮಾನದ ಈ ವಚನಕಾರ್ತಿ ನಮ್ಮ ಜಿಲ್ಲೆಯವಳೇ. ಲಿಂಗಸುಗೂರು ತಾಲೂಕಿನ ಅಮರೇಶ್ವರದವಳೆಂದು ಹೇಳುತ್ತಾರೆ. ಆಕೆಯ ಅಂಕಿತದಲ್ಲೂ ಅಮರೇಶ್ವರನಿದ್ದಾನೆ. ಆಕೆಯ ಮೇಲೊಂದು ನಾಟಕ ಬರೆಯೋಣವೆಂದು ಶಕ್ತಿನಗರದಲ್ಲಿ ನಾವು ಕೆಲವರು ಕೂತೆವು. ಕೂತ ದಿನವೇ ಪ್ರಶ್ನೆ ಎದ್ದಿತು: ನಿಜವಾಗಿ ಬದುಕಿದ್ದವಳ ಬದುಕನ್ನು ಕಲ್ಪಿಸಿ ಬರೆಯುವ ಹಕ್ಕು ನಮಗೆಲ್ಲಿಯದು?

ಆಕೆಯ ಕತೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದ. ಬೇಕಾದ್ದಕ್ಕಿಂತ ಹೆಚ್ಚಿನದು ನಮಗೆ ಬೇಡ, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಇದರಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು? ಶರಣರ ಕಾಲ ಕಳೆದು ಸುಮಾರು 300 ವರ್ಷಗಳ ನಂತರ ಶೂನ್ಯಸಂಪಾದನೆಯ ಸಂಕಲನಕಾರರು ವಚನಗಳನ್ನು ಪಾತ್ರಗಳ ಮಾತುಕತೆಯಾಗಿ ಜೋಡಿಸಿದರು. ಅಂದರೆ ಕಲ್ಪನೆ ನಮ್ಮಿಂದ ಶುರುವಾದದ್ದಲ್ಲ.

ಅಕ್ಕಮಹಾದೇವಿಯನ್ನೇ ನೋಡಿ. ಹರಿಹರನ ರಗಳೆಯಲ್ಲಿ ಆಕೆ ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ. 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಇಲ್ಲ. ಪಂಡಿತರು ಇದನ್ನೇ ಹಿಡಿದು ವಾದ ಮಾಡಿದರು. ಆ ಹೆಣ್ಣು ಏನು ಯೋಚಿಸಿದಳು ಎನ್ನುವುದಕ್ಕಿಂತ ಅವಳನ್ನು ಗಂಡಸು ಮುಟ್ಟಿದನೇ ಎನ್ನುವುದು ದೊಡ್ಡದಾಯಿತು! ಆದರೂ ಅಕ್ಕನಿಗೆ ತಿಪ್ಪೇರುದ್ರಸ್ವಾಮಿಯವರ 'ಕದಳಿಯ ಕರ್ಪೂರ'ದಂಥ ಕಾದಂಬರಿ ಸಿಕ್ಕಿತು. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆಗೆ? ಕುರಿ ಕೋಳಿ ತಿನ್ನುವವರು ಕುಲಜರು, ದನ ತಿನ್ನುವವರು ಕೀಳುಜಾತಿ, ಇದ್ಯಾವ ನ್ಯಾಯ ಎಂದು ವಚನದಲ್ಲಿ ಎತ್ತಿ ಆಡಿದವಳು ಅವಳು. ಸೂಳೆ ಸಂಕವ್ವೆಯದಂತೂ ಒಂದೇ ವಚನ ಉಳಿದಿದೆ. ಇವರು ಏನು ಉಂಡರು, ಯಾವ ಬಾವಿಯ ನೀರು ಕುಡಿದರು, ಬರೆದಿಟ್ಟವರಿಲ್ಲ.

ಹಾಗಂತ ನಾವು ಸುಮ್ಮನಿರಬೇಕೇ? ಸುಮ್ಮನಿದ್ದರೆ ಉಳ್ಳವರು ಕಟ್ಟಿದ ಕತೆಯೇ ನಿಜವಾಗಿ ಕೂರುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ ಎಂದು ಯಾರೂ ಹೇಳಬಲ್ಲರು. ಅಲ್ಲಿ ಕಲ್ಲುಮಣ್ಣು ಹೊತ್ತ ಹೆಣ್ಣುಮಕ್ಕಳ ಹೆಸರು ಹೇಳುವವರು ಯಾರು? ದೇವದುರ್ಗದಿಂದ ಗುಳೆ ಹೋದ ಅವ್ವಂದಿರ ಬದುಕು ಯಾವ ದಫ್ತರದಲ್ಲಿದೆ? ಬರವಣಿಗೆಯಿಂದ ದೂರ ಇಟ್ಟವರ ಮಕ್ಕಳಿಗೆ ಕಲ್ಪನೆ ಶೋಕಿಯಲ್ಲ, ಚರಿತ್ರೆ ಹುಡುಕುವ ಒಂದೇ ದಾರಿ. ಅದಕ್ಕೇ ಅದರ ಜವಾಬ್ದಾರಿಯೂ ಹೆಚ್ಚು.

ಈ ಜವಾಬ್ದಾರಿ ನಮಗೆ ಕಲಿಸಿದವಳು ಒಬ್ಬ ಅಜ್ಜಿ. ನಾಟಕದ ಮೊದಲ ಕರಡಿನಲ್ಲಿ ನಮ್ಮ ಘೋಷಣೆಗಳನ್ನೆಲ್ಲ ಲಕ್ಕಮ್ಮನ ಬಾಯಿಗೆ ತುರುಕಿದ್ದೆವು. ಕೇರಿಯಲ್ಲಿ ಓದಿ ಹೇಳಿದಾಗ, ಹಕ್ಕಲು ಆಯ್ದೇ ಮಕ್ಕಳನ್ನು ಸಾಕಿದ ಆ ಅಜ್ಜಿ ಅಂದಳು: "ಯಪ್ಪಾ, ಆಕಿ ಕೆಲಸ ಮಾಡೋದು ಯಾವಾಗ? ಬರೇ ಭಾಷಣನ ಮಾಡ್ತಾಳಲ್ಲ!" ನಾವು ತಲೆ ತಗ್ಗಿಸಿದೆವು. ಪುರಾಣಿಕರು ಆಕೆಯನ್ನು ಪತಿವ್ರತೆ ಮಾಡಿದ್ದರು, ನಾವು ಭಾಷಣಗಾರ್ತಿ ಮಾಡಿದ್ದೆವು. ಎರಡರಲ್ಲೂ ಆಕೆಯ ಕೈಗೆ ಕೆಲಸವಿರಲಿಲ್ಲ. ಪುರೋಹಿತಶಾಹಿ ಮಾಡಿದ್ದನ್ನೇ ಬಂಡಾಯದ ಹೆಸರಲ್ಲಿ ನಾವು ಮಾಡಿದರೆ ಅದೂ ಶೋಷಣೆಯೇ.

ಆದ್ದರಿಂದ ನಾವು ಒಪ್ಪಿಕೊಂಡದ್ದು ಇಷ್ಟು. ಕಲ್ಪಿಸಿದ್ದನ್ನು ಕಲ್ಪನೆ ಎಂದೇ ಹೇಳಬೇಕು. ಆಕೆಯ ಕೈಯಿಂದ ಕಾಯಕ ಕಸಿಯಬಾರದು. ವಚನದಲ್ಲಿ ಗಂಡನಿಗೇ ಬುದ್ಧಿ ಹೇಳಿದವಳನ್ನು ರಂಗದ ಮೇಲೆ ಅವನ ನೆರಳು ಮಾಡಬಾರದು. ಊರಿನ ಮಾಸ್ತರರಲ್ಲೂ ಒಂದು ಕೇಳಿಕೆ: ಆಕೆಯ ಸುಮಾರು 25 ವಚನಗಳು ಸಿಕ್ಕಿವೆ. ಮಕ್ಕಳಿಗೆ ಕತೆ ಹೇಳುವ ಮೊದಲು ಅವನ್ನು ಓದಿಸಿ.

ಕರಡನ್ನು ಮತ್ತೆ ಬರೆಯುತ್ತಿದ್ದೇವೆ. ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಕಳಿಸಿದವಳ ಕತೆ ಅದು. ನಾವು ಹೆಚ್ಚಿಗೆ ತಂದದ್ದನ್ನೂ ವಾಪಸು ಸುರಿದು ಬರಬೇಕು.