ಮಾಪಕದ ಮಳೆ, ತೋಟದ ಕೊಳೆ

ಅಡಿಕೆಗೆ ನಾವು ಮಾಡಿಸುವ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಕೊಳೆರೋಗ ಬಂದಾಗ ತೋಟ ನೋಡಲು ಯಾರೂ ಬರುವುದಿಲ್ಲ. ಮರದ ಬುಡದಲ್ಲಿ ಮಿಳ್ಳೆ (ಎಳೆಯ ಅಡಿಕೆ) ಎಷ್ಟೇ ಉದುರಿ ಬಿದ್ದಿರಲಿ, ಅದರ ಫೋಟೊಕ್ಕೆ ಕಿಮ್ಮತ್ತಿಲ್ಲ. ಪರಿಹಾರ ಬರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪಂಚಾಯತಿ ಕಟ್ಟಡದ ಬಳಿ ನಿಂತ ಮಳೆಮಾಪಕ. ಒಮ್ಮೆ ಅದನ್ನು ಸ್ವಚ್ಛ ಮಾಡುತ್ತಿದ್ದಾಗ ನಿಂತು ನೋಡಿದೆ. ಮೇಲೊಂದು ಆಲಿಕೆ, ಅದರಡಿ ಒಂದೇ ಕೀಲಿನ ಮೇಲೆ ಕೂತ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯಡಿ ಬಂದು ನಿಲ್ಲುತ್ತದೆ. ಒಂದೊಂದು ವಾಲುವಿಕೆಯೂ ಒಂದೊಂದು ಲೆಕ್ಕ. ಪಕ್ಕದ ಸೌರಫಲಕದ ಬಲದಿಂದ ಆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಹೆಕ್ಟೇರಿಗೆ 1,28,000 ರೂಪಾಯಿಯ ವಿಮೆ ನಿಂತಿರುವುದು ಆ ಬಟ್ಟಲುಗಳ ಮೇಲೆ.

ಈ ಉಪಾಯ ಎಲ್ಲೋ ಹೊರದೇಶದಲ್ಲಿ ಹುಟ್ಟಿದ್ದೆಂದು ಅನೇಕರು ತಿಳಿದಿದ್ದಾರೆ. ಆದರೆ ಮೈಸೂರು ಸಂಸ್ಥಾನದ ಜೆ.ಎಸ್. ಚಕ್ರವರ್ತಿಯವರು ಮಳೆಯ ಅಳತೆಯ ಮೇಲೆ ರೈತರಿಗೆ ವಿಮೆ ಕೊಡುವ ಯೋಜನೆ ರೂಪಿಸಿ 1920ರಲ್ಲೇ ಪುಸ್ತಕ ಬರೆದಿದ್ದರು. ತರ್ಕ ಸರಳ. ಹೊಲಹೊಲಕ್ಕೆ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಹೋದರೂ ಅಲ್ಲಿ ಶಿಫಾರಸು, ಕೈಬಿಸಿ, ಜಗಳ. ಮಳೆಗೆ ಯಾರ ಶಿಫಾರಸೂ ನಡೆಯದು. ಯೋಜನೆ ಕಾರ್ಯರೂಪಕ್ಕೆ ಬರಲು ಬಹುಕಾಲ ಹಿಡಿಯಿತು. 2007ರ ಮುಂಗಾರಿನಲ್ಲಿ ಸರ್ಕಾರದ ಹವಾಮಾನ ಆಧಾರಿತ ಬೆಳೆವಿಮೆ ಯೋಜನೆಯ ಪ್ರಯೋಗ ದೇಶದಲ್ಲಿ ಮೊದಲು ನಡೆದದ್ದು ಕರ್ನಾಟಕದಲ್ಲೇ.

ಇದರ ದರ ಹೇಗೆ ಕಟ್ಟುತ್ತಾರೆ? ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ವಿಮೆಯ ಲೆಕ್ಕದ ಕೆಲಸದಲ್ಲಿದ್ದಾನೆ. ಚೌತಿ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತು ವಿವರಿಸಿದ. ಮೂವತ್ತು ವರ್ಷದ ಮಳೆ ಲೆಕ್ಕ ಎದುರಿಗಿಟ್ಟುಕೊಳ್ಳುವುದು. ಈಗಿನ ವಿಮೆಯೇ ಆಗಲೂ ಇದ್ದಿದ್ದರೆ ಯಾವ ವರ್ಷ ಎಷ್ಟು ಕೊಡಬೇಕಾಗುತ್ತಿತ್ತು ಎಂದು ಒಂದೊಂದಾಗಿ ಹಾಕುವುದು, ಕೂಡಿಸಿ ಮೂವತ್ತರಿಂದ ಭಾಗಿಸುವುದು. ಹೆಕ್ಟೇರಿಗೆ ಹನ್ನೆರಡು ಸಾವಿರ ಬಂತೆಂದುಕೊಳ್ಳಿ (ಇದು ಬರೀ ಉದಾಹರಣೆ). ಅದು ಮೂಲದರ. ಅದರ ಮೇಲೆ ಖರ್ಚು, ಮರುವಿಮೆಯ ಬೆಲೆ, ಲಾಭ. ಜೊತೆಗೆ ಇನ್ನೊಂದು ಸೇರ್ಪಡೆ.

"ಅದು ನಮಗೆ ಗೊತ್ತಿಲ್ಲದ್ದಕ್ಕೆ ಹಾಕೋ ದರ ಮಾವ" ಎಂದ. "ಮೂವತ್ತು ವರ್ಷದಲ್ಲಿ ಒಂದೇ ಸಲ ಆಗಿದ್ದು ಮೂವತ್ತಕ್ಕೊಮ್ಮೆ ಆಗೋದೋ, ನೂರಕ್ಕೊಮ್ಮೆ ಆಗೋದೋ? ಪಟ್ಟಿ ನೋಡಿ ಹೇಳೋಕಾಗಲ್ಲ."

2019ರ ಆಗಸ್ಟಿನಂಥ ಭಾರಿ ಮಳೆಯ ತಿಂಗಳೊಂದು ಪಟ್ಟಿಯಲ್ಲಿದ್ದರೆ ಸರಾಸರಿ ಜಿಗಿಯುತ್ತದೆ, ತೆಗೆದರೆ ದರ ಅಗ್ಗವಾಗಿ ಕಾಣುತ್ತದೆ. ಇಡುವುದೋ ತೆಗೆಯುವುದೋ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ, ಕೂತವನ ವಿವೇಚನೆಯೇ ಗತಿ. ಮೇಲಾಗಿ ಪಂಚಾಯತಿ ಮಟ್ಟದ ಮಾಪಕಗಳಿಗೆ ಮೂವತ್ತು ವರ್ಷದ ಚರಿತ್ರೆಯೇ ಇಲ್ಲ. ಹಳೆಯ ವರ್ಷಗಳಿಗೆ ತಾಲ್ಲೂಕು, ಹೋಬಳಿ ಕೇಂದ್ರಗಳ ಅಂಕಿ ಎರವಲು ತರಬೇಕು. ರೈತ ಕಟ್ಟುವುದು ಶೇಕಡಾ 5, ಅಂದರೆ ಹೆಕ್ಟೇರಿಗೆ 6,400 ರೂಪಾಯಿ. ಕಂಪನಿ ಕೇಳುವ ದರ ಅದಕ್ಕಿಂತ ಹೆಚ್ಚಿದ್ದರೆ ಮಿಕ್ಕಿದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಹಾಗಾಗಿ ಗೊತ್ತಿಲ್ಲದ್ದರ ಬೆಲೆ ಎಷ್ಟೆಂದು ನಮ್ಮ ಜೇಬಿಗೆ ತಟ್ಟುವುದೇ ಇಲ್ಲ.

ಜೀವವಿಮೆಯವರಿಗೆ ದರ ಕಟ್ಟುವ ಈ ತಾಪತ್ರಯ ಇಷ್ಟಿಲ್ಲ. ಬ್ರೆಸ್ಲೌ ನಗರದ ಜನನ ಮರಣ ದಾಖಲೆ ಹಿಡಿದು ಎಡ್ಮಂಡ್ ಹ್ಯಾಲಿ 1693ರಲ್ಲಿ ಆಯುಸ್ಸಿನ ಕೋಷ್ಟಕ ಪ್ರಕಟಿಸಿದ. ಅಂಥ ಕೋಷ್ಟಕ ನಡೆಯುವುದು ಒಬ್ಬನ ಸಾವಿಗೂ ಇನ್ನೊಬ್ಬನ ಸಾವಿಗೂ ಸಾಮಾನ್ಯವಾಗಿ ಸಂಬಂಧವಿಲ್ಲದ್ದರಿಂದ. ಹತ್ತು ಸಾವಿರ ಪಾಲಿಸಿ ಮಾರಿದರೆ ಸರಾಸರಿ ನಿಲ್ಲುತ್ತದೆ. ಮಳೆ ಹಾಗಲ್ಲ. ಹಿಡಿದರೆ ಇಡೀ ಸೀಮೆಗೇ ಹಿಡಿಯುತ್ತದೆ, ಎಲ್ಲರ ಕ್ಲೇಮೂ ಒಂದೇ ವರ್ಷ. ಅದಕ್ಕೇ ಕಂಪನಿ ತನ್ನ ಭಾರದ ಒಂದು ಪಾಲನ್ನು ಮುಂಬೈಯ ಜಿಐಸಿ ರೀಗೆ, ಮ್ಯೂನಿಕ್, ಜ್ಯೂರಿಕ್‌ಗಳಲ್ಲಿರುವಂಥ ಮರುವಿಮೆದಾರರಿಗೆ ದಾಟಿಸುತ್ತದೆ. ಮಲೆನಾಡಿನ ಜಡಿಮಳೆಯೂ ಫ್ಲಾರಿಡಾದ ಚಂಡಮಾರುತವೂ ಒಟ್ಟಿಗೆ ಬರಬೇಕೆಂದಿಲ್ಲವಲ್ಲ, ಆ ಭರವಸೆಯ ಮೇಲೆ.

ಹೂಡಿಕೆಯವರ ಲೆಕ್ಕವೂ ಇಂಥದೇ ಭರವಸೆಯ ಮೇಲೆ ನಿಂತದ್ದು. ಅಮೆರಿಕದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿಯ ಪಾಲುದಾರರಲ್ಲಿ 1997ರ ಅರ್ಥಶಾಸ್ತ್ರ ನೊಬೆಲ್ ಪಡೆದ ಮರ್ಟನ್, ಶೋಲ್ಸ್ ಇಬ್ಬರೂ ಇದ್ದರು. ಬೇರೆ ಬೇರೆ ದೇಶಗಳಲ್ಲಿ ಹರಡಿದ ಹೂಡಿಕೆಗಳು ಒಟ್ಟಿಗೆ ಮುಳುಗಲಾರವೆಂಬುದು ಅವರ ಎಣಿಕೆ. 1998ರ ಆಗಸ್ಟಿನಲ್ಲಿ ರಷ್ಯಾ ಸಾಲ ತೀರಿಸಲಾರೆನೆಂದಿತು. ಗಾಬರಿಬಿದ್ದವರೆಲ್ಲ ಎಲ್ಲವನ್ನೂ ಮಾರತೊಡಗಿದರು, ಎಲ್ಲವೂ ಒಟ್ಟಿಗೇ ಮುಳುಗಿದವು. ಶಾಂತ ದಿನಗಳಲ್ಲಿ ಅಳೆದ ಅಂಕಿ ಗಾಬರಿಯ ದಿನಕ್ಕೆ ಒದಗಲಿಲ್ಲ. ಹದಿನಾಲ್ಕು ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಸುರಿದು ಆ ನಿಧಿಯನ್ನು ಎತ್ತಿದವು.

ನಮ್ಮನ್ನು ಎತ್ತುವವರು ಯಾರು ಎಂಬಲ್ಲಿಗೆ ನನ್ನ ಯೋಚನೆ ಬಂದು ನಿಲ್ಲುತ್ತದೆ. ಘಟ್ಟದ ಮಳೆ ಒಂದು ಗುಡ್ಡ ದಾಟಿದರೆ ಬೇರೆ. ಮಾಪಕದ ಬಳಿ ಹೊಳವಾಗಿದ್ದ ದಿನ ಮೂರು ಮೈಲಿ ಆಚೆಯ ಕಣಿವೆಯಲ್ಲಿ ಜಡಿ ಹಿಡಿದಿರುತ್ತದೆ. ಕೊಳೆಗೆ ಬರೀ ಮಿಲಿಮೀಟರೂ ಸಾಲದು. ಬಿಟ್ಟೂ ಬಿಡದ ತೇವ, ನಡುನಡುವೆ ಇಣುಕುವ ಬಿಸಿಲು, ಸಾಲು ಒತ್ತಾದ ತೋಟ, ಮರ ಹತ್ತಿ ಔಷಧ ಹೊಡೆಯಲು ಸಮಯಕ್ಕೆ ಸಿಗದ ಕೊನೆಗೌಡ, ಇವೂ ಸೇರಬೇಕು. ಒಂದು ವರ್ಷ ತೋಟ ಚೆನ್ನಾಗಿದ್ದೂ ದುಡ್ಡು ಬರುತ್ತದೆ. ಆಗ ಸಹಕಾರಿ ಸೊಸೈಟಿಯ ಕಟ್ಟೆಯ ಮೇಲೆ ಯಾರೂ ಯೋಜನೆಯನ್ನು ಬೈಯುವುದಿಲ್ಲ. ಇನ್ನೊಂದು ವರ್ಷ ಅರ್ಧ ಫಸಲು ಹೋಗಿಯೂ ಪೈಸೆ ಬರುವುದಿಲ್ಲ.

ಹೆಚ್ಚು ಕೊಟ್ಟದ್ದೂ ಕಡಿಮೆ ಕೊಟ್ಟದ್ದೂ ಕಂಪನಿಯ ಪುಸ್ತಕದಲ್ಲಿ ಒಂದಕ್ಕೊಂದು ವಜಾ ಆಗುತ್ತವೆ, ಏಕೆಂದರೆ ಅದರ ಬಳಿ ಸಾವಿರಾರು ತೋಟಗಳಿವೆ. ನನ್ನ ಬಳಿ ಇರುವುದು ಒಂದು. ಸುಮ್ಮನೆ ಬಂದ ವರ್ಷದ ದುಡ್ಡಿನಲ್ಲಿ ಮನೆಯ ಹೆಂಚು ತೆಗೆಸಿ ಶೀಟು ಹಾಕಿಸಿಯಾಗಿರುತ್ತದೆ. ಕಳೆದುಕೊಂಡ ವರ್ಷ ಆ ಶೀಟನ್ನು ಮಾರಿ ಮಗಳ ಕಾಲೇಜು ಫೀಸು ಕಟ್ಟಲಾಗದು. ಸರಾಸರಿಯಲ್ಲಿ ಲೆಕ್ಕ ಸರಿ ಎಂದು ತಂಗಿಯ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಸರಾಸರಿ ಕೈಗೆ ಸಿಗಬೇಕಾದರೆ ಒಬ್ಬ ರೈತ ಹಲವು ಜನ್ಮ ತೋಟ ಮಾಡಬೇಕು, ಇಲ್ಲವೇ ಬಲವಾದ ಉಳಿತಾಯ ಇಟ್ಟುಕೊಂಡಿರಬೇಕು. ಉಳಿತಾಯ ಇದ್ದವನಿಗೆ ವಿಮೆಯ ಅಗತ್ಯವೂ ಅಷ್ಟಕ್ಕಷ್ಟೇ. ಮಾಪಕಕ್ಕೂ ತೋಟಕ್ಕೂ ನಡುವಿನ ಅಂತರ ಎಂಬ ಅಪಾಯವನ್ನು ಮುಂಬೈಗಾಗಲಿ ಜ್ಯೂರಿಕ್‌ಗಾಗಲಿ ಯಾರೂ ದಾಟಿಸಲಿಲ್ಲ. ಎಲ್ಲರೂ ತಮ್ಮ ತಮ್ಮ ಪಾಲು ಕೈದಾಟಿಸಿದ ಮೇಲೆ ಉಳಿದ ಅದು, ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇದ್ದವನ ಹೆಗಲ ಮೇಲೆ ಕೂತಿದೆ.

ಇಷ್ಟಾಗಿಯೂ ಇದನ್ನು ಮೋಸ ಎನ್ನಲಾರೆ. ತೋಟ ತೋಟ ನೋಡಿ ಕೊಡುವ ವಿಮೆ 6,400 ರೂಪಾಯಿಗೆ ಯಾರಿಂದಲೂ ಆಗದು. ತಪ್ಪಿರುವುದು ಮಾರುವ ರೀತಿಯಲ್ಲಿ. ಸೊಸೈಟಿಯ ಕೌಂಟರಿನಲ್ಲಿ ಪಹಣಿ, ಪಾಸ್‌ಬುಕ್ಕಿನ ನಕಲು, ಆಧಾರ್ ಕೇಳುತ್ತಾರೆ; ನೀವು ಕೊಳ್ಳುತ್ತಿರುವುದು ತೋಟದ ವಿಮೆಯಲ್ಲ, ಇಂಥ ಜಾಗದ ಮಾಪಕದ ಮೇಲಿನ ವಿಮೆ ಎಂದು ಒಂದು ಮಾತು ಹೇಳುವುದಿಲ್ಲ.

ಸೊಸೈಟಿಗಳ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಕಂತು ಕಟ್ಟಿಸಿಕೊಳ್ಳುವ ತಿಂಗಳು ನೋಟಿಸ್ ಬೋರ್ಡಿನಲ್ಲಿ ಮಾಪಕ ಇರುವ ಜಾಗ, ಎಷ್ಟು ದಿನ ಎಷ್ಟು ಮಳೆಯಾದರೆ ಎಷ್ಟು ಹಣ ಎಂಬ ಷರತ್ತು, ಹಿಂದಿನ ವರ್ಷದ ದಿನದಿನದ ಮಳೆ, ಮಾಪಕ ಕೆಟ್ಟ ದಿನಗಳಿಗೆ ಯಾವ ಅಂಕಿ ತುಂಬಿದರು ಎಂಬುದು, ಇವನ್ನು ಕನ್ನಡದಲ್ಲಿ ಹಾಕಿ. ರೈತರಿಗೆ ಹೇಳುವುದಿಷ್ಟೇ: ಕಂತು ಕಟ್ಟಿ, ನಾನೂ ಕಟ್ಟುತ್ತೇನೆ. ವಿಮೆ ಇದೆಯೆಂದು ಕೊಳೆಗೆ ಬೋರ್ಡೋ ದ್ರಾವಣ ಹೊಡೆಸುವುದನ್ನು ಮಾತ್ರ ಮುಂದೂಡಬೇಡಿ.