ಪರೋಪಕಾರದ ಒಡೆತನ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಆರಂಭದಲ್ಲಿಯೇ ಕಲಿಸುವ ಪಾಠವೊಂದಿದೆ. ಅಂಗಡಿಯ ಕಟ್ಟಡ, ಸರಕು, ನಗದುಗಳಂತೆ ಅದು ಗಳಿಸಿದ ಒಳ್ಳೆಯ ಹೆಸರೂ ಒಂದು ಆಸ್ತಿಯೇ. ಪಾಲುದಾರರು ಸೇರುವಾಗ, ಅಗಲುವಾಗ ಅದಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ತರಬೇಕು. ವ್ಯಾಪಾರದಲ್ಲಿ ಇದು ನ್ಯಾಯವೇ ಸರಿ. ಆದರೆ ಪರೋಪಕಾರಕ್ಕೂ ಇದೇ ಲೆಕ್ಕವನ್ನು ಅನ್ವಯಿಸಬಹುದೇ? ಒಳ್ಳೆಯ ಕೆಲಸಕ್ಕೆ ಒಡೆಯನೆಂಬವನು ಇರಬಹುದೇ? ಸೇವಾಸಂಸ್ಥೆಗಳ ಪರಸ್ಪರ ಸಹಕಾರದ ಪ್ರಶ್ನೆಯು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆಂದು ನನ್ನ ನಂಬಿಕೆ.

ಈ ಪ್ರಶ್ನೆಯನ್ನು ನಾನು ಗ್ರಂಥದಿಂದ ಎತ್ತಿಕೊಂಡುದಲ್ಲ. 2009ರಲ್ಲಿ ಉತ್ತರ ಕರ್ನಾಟಕವು ಭೀಕರ ನೆರೆಗೆ ತುತ್ತಾದಾಗ ನಾವು ಕೆಲವು ವರ್ತಕರು ಕೂಡಿ ಒಂದು ಲಾರಿ ತುಂಬ ಕಂಬಳಿ, ಧಾನ್ಯಗಳನ್ನು ಕೊಂಡೊಯ್ದೆವು. ನಾವು ತಲುಪಿದ ಹಳ್ಳಿಗೆ ಆಗಲೇ ಇನ್ನೊಂದು ಸಂಘದ ಲಾರಿ ಬಂದಿತ್ತು. ಅದರಲ್ಲಿಯೂ ಅವೇ ಕಂಬಳಿಗಳು. ಅವರ ಮುಖಂಡರು, "ಇಲ್ಲಿನದನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಮುಂದಿನ ಊರಿಗೆ ಹೋಗಿರಿ" ಎಂದು ವಿನಯದಿಂದಲೇ ಕೇಳಿದರು. ನಾನು ಒಪ್ಪಲಿಲ್ಲ. ನಮ್ಮ ಬ್ಯಾನರು ಕಟ್ಟಿಯಾಗಿತ್ತು, ಛಾಯಾಚಿತ್ರಗ್ರಾಹಕನು ಬಂದಾಗಿತ್ತು. ಒಂದೇ ಮನೆಗೆ ಎರಡೆರಡು ಕಂಬಳಿಗಳು ದೊರೆತವು. ಮುಂದಿನ ಊರಿನವರು ಆ ರಾತ್ರಿಯನ್ನು ಹೇಗೆ ಕಳೆದರೋ, ನಾನು ವಿಚಾರಿಸಲೂ ಇಲ್ಲ. ಹಣವನ್ನು ಕೊಟ್ಟಿದ್ದೆ, ಕೊಟ್ಟವನೆಂಬ ಹೆಸರನ್ನು ಕೊಡಲು ಮಾತ್ರ ಸಿದ್ಧನಿರಲಿಲ್ಲ.

ಎರಡು ಲಾರಿಗಳ ನಡುವೆಯೇ ಸಹಕಾರವು ಇಷ್ಟು ಕಠಿಣವಾದರೆ, ಭಾಷೆ, ಮತ, ಕಾನೂನುಗಳೆಲ್ಲ ಬೇರೆಯಾದ ದೇಶದೇಶಗಳ ಸಂಸ್ಥೆಗಳ ನಡುವೆ ಅದು ಸಾಧ್ಯವೇ? ಸಾಧ್ಯವೆಂಬುದಕ್ಕೆ ನೆಲಬಾಂಬುಗಳ ವಿರುದ್ಧ ನಡೆದ ಕಾರ್ಯವು ಒಂದು ನಿದರ್ಶನ.

ಯುದ್ಧ ಮುಗಿದರೂ ನೆಲಬಾಂಬಿಗೆ ಅದು ತಿಳಿಯುವುದಿಲ್ಲ. ಕಾಂಬೋಡಿಯ, ಅಫ್ಘಾನಿಸ್ತಾನಗಳಂತಹ ದೇಶಗಳಲ್ಲಿ ಉಳುವ ರೈತನೂ ದನ ಕಾಯುವ ಬಾಲಕನೂ ಅದಕ್ಕೆ ಕಾಲು ತೆತ್ತರು. ಕೆಲವು ಸಂಸ್ಥೆಗಳು ಬಾಂಬುಗಳನ್ನು ಹುಡುಕಿ ತೆಗೆಯುತ್ತಿದ್ದವು. ಕೆಲವು ಗಾಯಾಳುಗಳಿಗೆ ಕೃತಕ ಕಾಲು ಜೋಡಿಸುತ್ತಿದ್ದವು. ಕೆಲವು ಮಾನವ ಹಕ್ಕುಗಳಿಗಾಗಿ ವಾದಿಸುತ್ತಿದ್ದವು. ಹೂಳುವ ಕೈ ನಿಲ್ಲದೆ ತಮ್ಮಲ್ಲಿ ಯಾರ ಕೆಲಸವೂ ಮುಗಿಯದೆಂಬುದನ್ನು ಕಂಡುಕೊಂಡ ಫ್ರಾನ್ಸ್, ಜರ್ಮನಿ, ಬ್ರಿಟನ್, ಅಮೆರಿಕಗಳ ಆರು ಸಂಸ್ಥೆಗಳು 1992ರಲ್ಲಿ ನೆಲಬಾಂಬು ನಿಷೇಧದ ಅಂತರರಾಷ್ಟ್ರೀಯ ಆಂದೋಲನವನ್ನು ಆರಂಭಿಸಿದವು. ಯಾವ ಸಂಸ್ಥೆಯೂ ಇನ್ನೊಂದರಲ್ಲಿ ಲೀನವಾಗಲಿಲ್ಲ. ಗುರಿಯೊಂದು ಮಾತ್ರ ಎಲ್ಲರದಾಯಿತು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಕೂಡಿಕೊಂಡವು. 1997ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವದಲ್ಲಿ 122 ರಾಷ್ಟ್ರಗಳು ನಿಷೇಧದ ಒಪ್ಪಂದಕ್ಕೆ ಸಹಿ ಹಾಕಿದವು. ಅಂದಿನಿಂದ ದಾಸ್ತಾನಿನಲ್ಲಿದ್ದ 5 ಕೋಟಿಗೂ ಹೆಚ್ಚು ನೆಲಬಾಂಬುಗಳು ನಾಶವಾಗಿವೆ.

ನಮ್ಮ ದೇಶದ ಜಯಪುರದ ಕಾಲೂ ಇದೇ ಪಾಠವನ್ನು ಹೇಳುತ್ತದೆ. 1968ರಲ್ಲಿ ಜಯಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪ್ರಮೋದ ಕರಣ ಸೇಠಿಯವರ ಕೂಡುಶ್ರಮದಿಂದ ಅದು ರೂಪುಗೊಂಡಿತು. ಅದನ್ನು ಧರಿಸಿದವನು ಬರಿಗಾಲಿನಲ್ಲಿ ನಡೆಯಬಲ್ಲ, ಕುಕ್ಕರಗಾಲಿನಲ್ಲಿ ಕೂರಬಲ್ಲ, ಗದ್ದೆಗೆ ಇಳಿಯಬಲ್ಲ. ಅದರ ಮೇಲೆ ಪೇಟೆಂಟಿನ ಬೀಗ ಬೀಳಲಿಲ್ಲ. 1975ರಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಅದನ್ನು ಉಚಿತವಾಗಿ ಜೋಡಿಸುತ್ತ, ಏಷ್ಯ, ಆಫ್ರಿಕಗಳ ಅನೇಕ ದೇಶಗಳಲ್ಲಿ ಶಿಬಿರಗಳನ್ನು ನಡೆಸಿದೆ. ಬೀಗವಿಲ್ಲದ ವಿದ್ಯೆಗೆ ಗಡಿಯೂ ಅಡ್ಡಬರಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಸಹಜ. ಹೆಸರನ್ನು ಬಿಟ್ಟುಕೊಟ್ಟರೆ ಹೊಣೆಯೂ ಕಳೆದುಹೋಗದೇ? ಹತ್ತು ಮಂದಿಯ ಕೆಲಸ ಯಾರ ಕೆಲಸವೂ ಆಗದೇ? ವ್ಯಾಪಾರಿಯಾದ ನನಗೆ ಈ ಆಕ್ಷೇಪದ ತೂಕ ತಿಳಿದಿದೆ. ಲೆಕ್ಕವಿಲ್ಲದ ದಾನವು ಬಹುಬೇಗ ಕಳ್ಳನ ಕೈ ಸೇರುತ್ತದೆ. ಆದರೆ ಜಮಾಖರ್ಚಿನ ತಃಖ್ತೆಗೆ ಎರಡು ಬದಿಗಳಿವೆಯಷ್ಟೆ: ಒಂದು ಆಸ್ತಿಯದು, ಇನ್ನೊಂದು ಹೊಣೆಯದು. ನಮ್ಮ ಹೆಸರು ಹೊಣೆಯ ಬದಿಯಲ್ಲಿ ಸ್ಪಷ್ಟವಾಗಿಯೇ ಇರಲಿ. ಆಸ್ತಿಯ ಬದಿಯಲ್ಲಿ ಅದನ್ನು ಬರೆದುಕೊಳ್ಳುವುದು ಬೇಡ. ಆ ಆಂದೋಲನವು ಮಾಡಿದುದೂ ಅದನ್ನೇ. ಯಾವ ರಾಷ್ಟ್ರವು ಕೊಟ್ಟ ಮಾತನ್ನು ಎಷ್ಟು ನಡೆಸಿತೆಂಬುದನ್ನು ಅದು 1999ರಿಂದ ವರ್ಷವರ್ಷವೂ ವರದಿಯಾಗಿ ಪ್ರಕಟಿಸುತ್ತ ಬಂದಿದೆ. ಸಹಕಾರವೆಂದರೆ ಲೆಕ್ಕವನ್ನು ಮರೆಯುವುದಲ್ಲ, ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಡುವುದು.

ಈ ಯಶಸ್ಸನ್ನು ಪೂರ್ಣವೆಂದು ಬಣ್ಣಿಸಿದರೆ ಅಸತ್ಯವಾದೀತು. 1997ರ ನೊಬೆಲ್ ಶಾಂತಿ ಪ್ರಶಸ್ತಿಯು ಆಂದೋಲನಕ್ಕೂ ಅದರ ಸಂಚಾಲಕಿ ಜೋಡಿ ವಿಲಿಯಮ್ಸ್ ಅವರಿಗೂ ಸಮಪಾಲಾಗಿ ಬಂದಾಗ, ಕೀರ್ತಿ ಯಾರದೆಂಬ ಮನಸ್ತಾಪವು ಹಳೆಯ ಸಹಚರರಲ್ಲಿಯೇ ತಲೆದೋರಿತು. ಅಮೆರಿಕ, ರಷ್ಯ, ಚೀನಗಳೂ ನಮ್ಮ ಭಾರತವೂ ಒಪ್ಪಂದದ ಹೊರಗಿವೆ. 2025ರಲ್ಲಿ ಫಿನ್ಲೆಂಡ್, ಪೋಲೆಂಡ್ ಮತ್ತು ಬಾಲ್ಟಿಕ್ ಸಮುದ್ರತೀರದ ಮೂರು ಸಣ್ಣ ರಾಷ್ಟ್ರಗಳು ನೆರೆಯ ಯುದ್ಧದ ಭಯದಿಂದ ಅದರಿಂದ ಹೊರನಡೆಯಲು ನಿರ್ಧರಿಸಿದವು. ಸಹಕಾರವು ಒಮ್ಮೆ ಗಳಿಸಿ ತಿಜೋರಿಯಲ್ಲಿಡುವ ಒಡವೆಯಲ್ಲ. ನಿತ್ಯವೂ ಹೊಸದಾಗಿ ದುಡಿದು ಉಳಿಸಿಕೊಳ್ಳಬೇಕಾದುದು.

ಧನಧಾನ್ಯಗಳ ಮೇಲಿನ ಪರಿಗ್ರಹವನ್ನು ಮಿತಗೊಳಿಸಲು ನಾವು ವ್ರತ ತೊಡುತ್ತೇವೆ. ಮಾಡಿದ ಪುಣ್ಯಕಾರ್ಯದ ಮೇಲಿನ ಮಮತೆಯೂ ಪರಿಗ್ರಹವೇ. ಅದು ಸದ್ಗುಣದ ವೇಷದಲ್ಲಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಈಗ ನಮ್ಮ ಸಮಿತಿಯಲ್ಲಿ ಯಾವುದೇ ನೆರವಿನ ಮಾತು ಬಂದಾಗ ನಾನು ಮೊದಲು ಕೇಳುವುದು, "ಅಲ್ಲಿಗೆ ಬೇರೆ ಯಾರು ಹೋಗುತ್ತಿದ್ದಾರೆ?" ಎಂದು. ಅನಂತರ ಕೇಳುವುದು, "ಯಾರೂ ಹೋಗದ ಊರು ಯಾವುದು?" ಎಂದು. ಬ್ಯಾನರಿನ ಮಾತನ್ನು ಯಾರಾದರೂ ಎತ್ತಿದರೆ ನನಗೆ ಆ ಮುಂದಿನ ಊರಿನ ನೆನಪಾಗುತ್ತದೆ. ಅದರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.