ಮೂರು ಪಾಳಿಯ ನೆಲ

ರಾಜಾಜಿನಗರದ ಒರಾಯನ್ ಮಾಲ್ ಹಿಂಬದಿಯ ಕೊಳದ ದಂಡೆಯಲ್ಲಿ ಭಾನುವಾರ ಸಂಜೆ ಕೂರಲು ಜಾಗ ಹುಡುಕಬೇಕು. ಐಸ್‌ಕ್ರೀಂ ಹಿಡಿದ ಮಕ್ಕಳು, ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುವವರು, ಕಾಲುನೋವೆಂದು ಕಟ್ಟೆ ಹಿಡಿದು ಕೂತ ಅಜ್ಜಿಯರು. ಇದು ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ನೆಲ. 1946ರಲ್ಲಿ ಹುಟ್ಟಿದ ಕಂಪನಿ, ವಿದ್ಯುತ್ ಮೋಟರಿಗೆ ಹೆಸರುವಾಸಿ. ಈಗ ಅದರ ಗುರುತು ಹೇಳಲು ಒಂದು ಇಟ್ಟಿಗೆಯೂ ಕಣ್ಣಿಗೆ ಬೀಳುವುದಿಲ್ಲ.

ಕೊಳ ಚೆನ್ನಾಗಿಯೇ ಇದೆ. ಆದರೆ ಅಲ್ಲಿಗೆ ಹೋಗಲು ಬ್ಯಾಗು ತೋರಿಸಬೇಕು, ಸೆಕ್ಯುರಿಟಿಯವರ ನೋಟ ದಾಟಬೇಕು. ಗಾರೆ ಕೆಲಸ ಮುಗಿಸಿ ಬಂದವರು ಅಲ್ಲಿ ಟವೆಲ್ ಹಾಸಿ ಮಲಗಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಅದನ್ನು ಪಾರ್ಕು ಎನ್ನಲು ಮನಸ್ಸು ಒಪ್ಪದು.

ನಮ್ಮ ಪಶ್ಚಿಮ ಬೆಂಗಳೂರಿನ ಅನೇಕ ಗಿರಣಿ, ಕಾರ್ಖಾನೆಗಳು ಹೀಗೇ ಕರಗಿದವು. ಬಿನ್ನಿ ಮಿಲ್ ಇದ್ದಲ್ಲಿ ಅಪಾರ್ಟ್‌ಮೆಂಟುಗಳು, ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಮಾಲ್. ಮಾಗಡಿ ರಸ್ತೆ ಕಡೆಯ ಮಿನರ್ವ ಮಿಲ್ಸ್ ಹೆಸರಂತೂ ಉಳಿದದ್ದು ಬಟ್ಟೆಯಿಂದಲ್ಲ, 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಕಾನೂನು ಓದುವ ಹುಡುಗರಿಗೆ ಅದೊಂದು ಗಿರಣಿ ಎಂಬುದೇ ಮರೆತುಹೋಗಿರುತ್ತದೆ.

ಮುಚ್ಚಿದ ಗಿರಣಿಗಳ ನೆಲಕ್ಕೆ ಮುಂಬೈಯಲ್ಲಿ ಒಂದು ಲೆಕ್ಕವಿತ್ತು. 1991ರ ನಿಯಮದ ಪ್ರಕಾರ ಗಿರಣಿ ಜಮೀನಿನಲ್ಲಿ ಒಂದು ಪಾಲು ಮೈದಾನ, ಉದ್ಯಾನಕ್ಕೆ, ಒಂದು ಪಾಲು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿ ಬಂತು: ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಪಾಲು ಮಾಡಿದರೆ ಸಾಕು. ಗಿರಣಿಯೊಳಗೆ ಖಾಲಿ ಜಾಗ ಎಷ್ಟು ತಾನೇ ಇರುತ್ತದೆ! 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನಮ್ಮಲ್ಲಿ ಅಷ್ಟು ಜಗಳವೂ ಆಗಲಿಲ್ಲ.

ಆದರೂ ಒಂದು ಅವಕಾಶ ಉಳಿದಿದೆ. ಹಳೇ ತುಮಕೂರು ರಸ್ತೆಯಲ್ಲಿ ಮೈಸೂರು ಲ್ಯಾಂಪ್ಸ್ ಇದೆ. 1936ರಲ್ಲಿ, ಮಹಾರಾಜರ ಕಾಲದಲ್ಲಿ ಶುರುವಾಗಿ ಮನೆಮನೆಗೆ ಬಲ್ಬು ಕೊಟ್ಟ ಕಾರ್ಖಾನೆ. ಬೀಗ ಬಿದ್ದು ಎರಡು ದಶಕ ದಾಟಿತು. ಅಲ್ಲಿ ಉದ್ಯಾನ, ನಗರದ ಕಥೆ ಹೇಳುವ ಮ್ಯೂಸಿಯಂ ಮಾಡುವ ಮಾತು ಸರ್ಕಾರದಿಂದ ಬಂದಿದೆ. ಒಳ್ಳೆಯದು. ನನ್ನ ಅಂಜಿಕೆ ಗ್ರಾನೈಟ್ ಬೆಂಚು, ಬಣ್ಣದ ಕಾರಂಜಿ, ಸಿಮೆಂಟಿನ ಜಿಂಕೆಗಳದ್ದು. ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ 1985ರಲ್ಲಿ ನಿಂತುಹೋದ ಕಬ್ಬಿಣದ ಕಾರ್ಖಾನೆಯ ಕುಲುಮೆಗಳನ್ನು ಕೆಡವದೆ, ಸುತ್ತ ಗಿಡ ಬೆಳೆಯಲು ಬಿಟ್ಟು ಪಾರ್ಕು ಮಾಡಿದರು. ಜನ ಕುಲುಮೆ ಹತ್ತಿ ಊರು ನೋಡುತ್ತಾರೆ. ನಮ್ಮಲ್ಲೂ ಶೆಡ್ಡು ನಿಲ್ಲಲಿ, ತಾನಾಗಿ ಎದ್ದ ಮರ ನಿಲ್ಲಲಿ. ಮಣ್ಣನ್ನು ಮಾತ್ರ ಮೊದಲು ಪರೀಕ್ಷೆ ಮಾಡಿಸಬೇಕು. ದೀಪದ ಉದ್ಯಮದಲ್ಲಿ ಸೀಸ, ಪಾದರಸದ ಬಳಕೆ ಉಂಟು; ಪಾರ್ಕಾದರೆ ಅದು ಮಕ್ಕಳು ಮಣ್ಣಾಡುವ ಜಾಗ.

ಇನ್ನೊಂದು ಮಾತು, ಗೇಟಿನದು. ಬೆಂಗಳೂರಿನ ಪಾರ್ಕುಗಳಿಗೆ ನಡುಹಗಲು ಬೀಗ ಹಾಕುವುದು ಹಳೆಯ ಚಾಳಿ. ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ, ಸಂಜೆ ಮಕ್ಕಳಿಗೆ. ನೆರಳು ಬೇಕಾದ ಮಧ್ಯಾಹ್ನ ಯಾರಿಗೂ ಇರಲಿಲ್ಲ. 2024ರಲ್ಲಿ ಪಾಲಿಕೆ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಿ ಎಂದಿತು. ಆದರೂ ಮಧ್ಯಾಹ್ನ ಡೆಲಿವರಿ ಹುಡುಗರು ಬೈಕ್ ಸೀಟಿನ ಮೇಲೇ ತೂಕಡಿಸುವುದು ಕಾಣುತ್ತದೆ. ಕಾರ್ಖಾನೆಯ ಗೇಟು ಹೀಗಿರಲಿಲ್ಲ, ಕಾರ್ಖಾನೆ ಎಂದರೆ ಪಾಳಿ. ಊಟದ ಡಬ್ಬಿ ಹಿಡಿದವರಿಗೆ ಪ್ರತಿ ಪಾಳಿಗೂ ಅದು ತೆರೆಯುತ್ತಿತ್ತು. ಮೈಸೂರು ಲ್ಯಾಂಪ್ಸ್ ಪಾರ್ಕು ಆಗುವ ದಿನ ಬಂದರೆ, ಮಧ್ಯಾಹ್ನ ಎರಡಕ್ಕೆ ಅದರ ಗೇಟು ತೆರೆದಿದೆಯೇ ಎಂದು ನೋಡಿಬರುತ್ತೇನೆ.